ಅಮ್ಮನ ಕೆನಡಾ ವಿಸಿಟರ್ ವೀಸಾ ರಿಜೆಕ್ಟ್ ಆಯ್ತು, ಬಳ್ಳಾರಿಯಿಂದ ಮತ್ತೆ ಹಾಕೋದು ಹೇಗೆ?

ಕೌಲ್‌ಬಜಾರ್ ಹುಡುಗಿ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ಬೇಜಾರು ಮಾಡಿಕೊಳ್ಳದೆ ಓದಿ.

ನನ್ನ ತವರು ಬಳ್ಳಾರಿ. ಈಗ ಗಂಡನ ಜೊತೆ ಕೆನಡಾದ ಕ್ಯಾಲ್ಗರಿಯಲ್ಲಿ ಇದ್ದೇನೆ, ಇಬ್ಬರದೂ ವರ್ಕ್ ಪರ್ಮಿಟ್. ನನಗೀಗ ಐದು ತಿಂಗಳು, ಚೊಚ್ಚಲು. ಅತ್ತೆಗೆ ಮಂಡಿ ಆಪರೇಶನ್ ಆಗಿದೆ, ಅವರು ಬರುವ ಹಾಗಿಲ್ಲ. ಬಾಣಂತನಕ್ಕೆ ಅಮ್ಮನನ್ನೇ ಕರೆಸಿಕೊಳ್ಳೋಣ ಅಂತ ವಿಸಿಟರ್ ವೀಸಾಕ್ಕೆ ಹಾಕಿದೆವು. ಹೋದ ವಾರ ರಿಜೆಕ್ಟ್ ಆಗಿ ಬಂತು.

ಅಮ್ಮನಿಗೆ 62. ಅಪ್ಪ ಸರ್ಕಾರಿ ಶಾಲೆ ಮೇಷ್ಟ್ರು, ನಾಲ್ಕು ವರ್ಷದ ಹಿಂದೆ ತೀರಿಕೊಂಡರು. ಅಮ್ಮನಿಗೆ ಕುಟುಂಬ ಪಿಂಚಣಿ ಬರುತ್ತದೆ. ಊರಲ್ಲಿ ಸ್ವಂತ ಮನೆ ಇದೆ, ಸಿರುಗುಪ್ಪ ಕಡೆ ನಾಲ್ಕು ಎಕರೆ ಗದ್ದೆ ಇದೆ, ಅದನ್ನು ಪಾಲಿಗೆ ಕೊಟ್ಟಿದ್ದೇವೆ. ಎಲ್ಲಾ ಒಬ್ಬ ಏಜೆಂಟ್ ಕೈಲಿ ಮಾಡಿಸಿದೆವು. ಅವನು ಖಾತೆಯಲ್ಲಿ ಹತ್ತು ಲಕ್ಷ ಕಾಣಬೇಕು ಅಂದ, ತಮ್ಮ ಎಲ್ಲೆಲ್ಲಿಂದಲೋ ಆರು ಲಕ್ಷ ಹೊಂದಿಸಿ ಅಮ್ಮನ ಖಾತೆಗೆ ಹಾಕಿದ. ಅಮ್ಮ ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿಗೆ ಹೋಗಿ ಬೆರಳಚ್ಚು ಕೊಟ್ಟು ಬಂದಳು. ಅಷ್ಟೆಲ್ಲಾ ಮಾಡಿದ ಮೇಲೆ ವಾಟ್ಸಾಪಲ್ಲಿ ಒಂದು ಫೋಟೋ ಬಂತು. ಭೇಟಿ ಮುಗಿದ ಮೇಲೆ ನೀವು ಕೆನಡಾ ಬಿಟ್ಟು ಹೋಗುತ್ತೀರಿ ಅಂತ ನನಗೆ ಖಾತ್ರಿಯಾಗಿಲ್ಲ, 179(ಬಿ), ಅಂತ ಏನೋ ಇದೆ. ಕೆಳಗೆ ಎರಡು ಕಾರಣ: ಕೆನಡಾದ ಹೊರಗೆ ಹೇಳಿಕೊಳ್ಳುವಂಥ ಕುಟುಂಬ ಸಂಬಂಧ ಇಲ್ಲ, ಮತ್ತೆ ಭೇಟಿಯ ಉದ್ದೇಶ ಸರಿಹೊಂದುವುದಿಲ್ಲ.

ಏಜೆಂಟ್ ಹೇಳುವುದು, ಈ ಸಲ 15 ಲಕ್ಷ ತೋರಿಸಿ ಮುಂದಿನ ವಾರವೇ ಹಾಕೋಣ, ಅಂತ. ಮತ್ತೆ ಫೀಸ್ ಬೇರೆ ಕೇಳುತ್ತಿದ್ದಾನೆ. ಅಪೀಲ್ ಅಂತ ಇರುತ್ತದಾ? ಎಷ್ಟು ದಿನ ಕಾಯಬೇಕು? ಅಮ್ಮ ಅಂತೂ "ನಾನು ಏನು ತಪ್ಪು ಮಾಡಿದೆ ಅಂತ ಬೇಡ ಅಂದರು" ಅಂತ ದಿನಾ ಕೇಳುತ್ತಾಳೆ. ಏನು ಹೇಳಲಿ?

ಸಿಂಧನೂರು ಸೋನಾಮಸೂರಿ

ಮುಂದಿನ ವಾರ ಹಾಕಬೇಡಿ ಅಕ್ಕಾ. ಮೊದಲು ಅದನ್ನು ನಿಲ್ಲಿಸಿ.

ನಮ್ಮಪ್ಪನದು ಎರಡು ಸಲ ಹೋಯಿತು. ಎರಡನೇ ಸಲ ನಾವು ಮಾಡಿದ್ದು ನಿಮ್ಮ ಏಜೆಂಟ್ ಹೇಳಿದ್ದನ್ನೇ. ಅದೇ ಕಾಗದ, ಅದೇ ಲೆಟರ್, ದುಡ್ಡು ಮಾತ್ರ ಜಾಸ್ತಿ. ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ ಐದು ತಿಂಗಳು ಮೂವತ್ತು, ನಲವತ್ತು ಸಾವಿರ ಓಡಾಡಿದ್ದು, ಕೊನೇ ತಿಂಗಳು ಒಮ್ಮೆಲೇ ಒಂಬತ್ತು ಲಕ್ಷ. ಅದು ಭತ್ತ ಮಾರಿದ ದುಡ್ಡೇ ರೀ, ಕದ್ದದ್ದಲ್ಲ. ಆದರೆ ಅಲ್ಲಿ ಕೂತವನಿಗೆ ಭತ್ತದ ಸುಗ್ಗಿ ಯಾವ ತಿಂಗಳು ಅಂತ ಗೊತ್ತಿರಬೇಕಲ್ಲ? ಅವನ ಕಣ್ಣಿಗೆ ಯಾರೋ ಸಾಲ ಕೊಟ್ಟು ಖಾತೆ ತುಂಬಿಸಿದ ಹಾಗೇ ಕಾಣುತ್ತದೆ.

ಮೂರನೇ ಸಲ ಏನು ಮಾಡಿದೆವು ಅಂದರೆ, ದಲ್ಲಾಳಿ ಅಂಗಡಿಯಲ್ಲಿ ಕೊಟ್ಟ ಪಟ್ಟಿ ತಂದೆವು. 75 ಕೆಜಿ ಚೀಲ ಎಷ್ಟು, ಒಂದಕ್ಕೆ ಎಷ್ಟು ದರ, ಹಮಾಲಿ ಎಷ್ಟು ಕಳೆದರು, ಎಲ್ಲಾ ಅದರಲ್ಲಿ ಇರುತ್ತದೆ. ಆ ಮೊತ್ತಕ್ಕೂ ಖಾತೆಗೆ ಬಂದ ಮೊತ್ತಕ್ಕೂ ತಾಳೆ ಆಗುವ ಹಾಗೆ ಗುರುತು ಹಾಕಿ ಕೊಟ್ಟೆವು. ಹಿಂದಿನ ವರ್ಷದ್ದೂ ಇಟ್ಟೆವು. ಆ ವರ್ಷ ಯಾಕೆ ಗಾಬರಿಯಿಂದ ಇದ್ದೆವು ಅನ್ನೋದನ್ನೂ ಎರಡು ಸಾಲು ಬರೆದೆವು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟ್ ಕೊಚ್ಚಿಹೋಗಿ ನೀರೆಲ್ಲಾ ನದಿಗೆ ಹರಿಯಿತಲ್ಲ, ಬೆಳೆ ಕೈಗೆ ಬರುತ್ತೋ ಇಲ್ಲವೋ ಅಂತ ಅಪ್ಪ ಆಗ ಹೊಲ ಬಿಟ್ಟು ಅಲ್ಲಾಡಲಿಲ್ಲ, ಟಿಕೆಟ್ ವಿಚಾರವನ್ನೇ ಎತ್ತಬೇಡ ಅಂದಿದ್ದರು. ಹೊಲ ಬಿಟ್ಟು ಇರಲಾರದ ಮನುಷ್ಯ ಅಂತ ಅದರಿಂದ ತಿಳಿಯಿತೋ ಏನೋ, ವೀಸಾ ಬಂತು. ಅದರಿಂದಲೇ ಬಂತು ಅಂತ ಹೇಳಲ್ಲ.

ಸುಮ್ನೆ ಓದುವವ

ಸೂಪರ್ ವೀಸಾ ಹಾಕಿ. ಐದು ವರ್ಷ ಇರಬಹುದು. ಮುಗೀತು.

ಕೌಲ್‌ಬಜಾರ್ ಹುಡುಗಿ

ಸರ್, ಅದಕ್ಕೆ ನಾವು ಪಿಆರ್ (ಕೆನಡಾದ ಕಾಯಂ ನಿವಾಸಿ) ಇರಬೇಕಂತೆ. ನಮ್ಮದು ಇನ್ನೂ ಅರ್ಜಿಯೇ ಹಾಕಿಲ್ಲ.

ಗವಿಮಠದ ಓಣಿ

ಹೌದು, ಸೂಪರ್ ವೀಸಾ ಇವರಿಗೆ ಆಗೋದಿಲ್ಲ. ಮಗ ಅಥವಾ ಮಗಳು ಪಿಆರ್ ಇಲ್ಲ ಸಿಟಿಜನ್ ಇರಬೇಕು, ಆದಾಯದ ಮಿತಿ ದಾಟಬೇಕು, ಕನಿಷ್ಠ 1 ಲಕ್ಷ ಡಾಲರಿನ ಮೆಡಿಕಲ್ ಇನ್ಶೂರೆನ್ಸ್ ಬೇಕು, ಮೆಡಿಕಲ್ ಟೆಸ್ಟ್ ಬೇಕು. ಮುಂದೆ ಪಿಆರ್ ಆದ ಮೇಲೆ ನೋಡಿ ತಂಗಿ. ಈಗ ಮಾಮೂಲಿ ವಿಸಿಟರ್ ವೀಸಾನೇ ಗತಿ.

ನಾನು ಕೊಪ್ಪಳದವನು, ಕೆನಡಾಕ್ಕೆ ಬಂದು ಒಂಬತ್ತು ವರ್ಷ. ಅಪ್ಪ, ಅಮ್ಮ, ಅತ್ತೆ, ಮಾವ, ನಾಲ್ಕೂ ಜನರ ಅರ್ಜಿ ನಾನೇ ತುಂಬಿದ್ದೇನೆ, ಅದರಲ್ಲಿ ಒಂದು ರಿಜೆಕ್ಟ್ ಆಗಿತ್ತು. ನಾನು ವಕೀಲನಲ್ಲ, ತಿಳಿದಷ್ಟು ಹೇಳುತ್ತೇನೆ.

ವಿಸಿಟರ್ ವೀಸಾಕ್ಕೆ ಅಪೀಲ್ ಇಲ್ಲ. ಫೆಡರಲ್ ಕೋರ್ಟಿಗೆ ಹೋಗಬಹುದು, ದೇಶದ ಹೊರಗೆ ಆದ ತೀರ್ಮಾನಕ್ಕೆ 60 ದಿನದ ಒಳಗೆ. ಆದರೆ ಕೋರ್ಟು ವೀಸಾ ಕೊಡೋದಿಲ್ಲ, ತೀರ್ಮಾನ ಸರಿಯಿಲ್ಲ ಅನಿಸಿದರೆ ಬೇರೆ ಅಧಿಕಾರಿ ಮತ್ತೆ ನೋಡಲಿ ಅನ್ನುತ್ತದೆ ಅಷ್ಟೇ. ವಕೀಲರ ಖರ್ಚಿನಲ್ಲಿ ನಿಮ್ಮ ಕೂಸಿಗೆ ತೊಟ್ಟಿಲು, ಬಟ್ಟೆ ಎಲ್ಲಾ ಬರುತ್ತದೆ. ಕಾಯಬೇಕಾದ ಅವಧಿ ಅಂತಲೂ ಏನಿಲ್ಲ, ಇವತ್ತೇ ಮತ್ತೆ ಹಾಕಬಹುದು. ಹಾಕಬಹುದು ಅಂದರೆ ಹಾಕಬೇಕು ಅಂತಲ್ಲ. ಫೀಸ್ 100 ಡಾಲರ್ ಮತ್ತೆ ಕಟ್ಟಬೇಕು. ಬೆರಳಚ್ಚು, ಅಂದರೆ ಬಯೋಮೆಟ್ರಿಕ್ಸಿನ 85 ಡಾಲರ್ ಈ ಸಲ ಇಲ್ಲ, ಒಮ್ಮೆ ಕೊಟ್ಟರೆ 10 ವರ್ಷ ನಡೆಯುತ್ತದೆ. ಅಮ್ಮ ಮತ್ತೆ ಹಂಪಿ ಎಕ್ಸ್‌ಪ್ರೆಸ್ ಹತ್ತೋದು ಬೇಕಿಲ್ಲ.

ಈಗ ನನ್ನ ಪ್ರಶ್ನೆ. ನಿಮಗೆ ಬಂದದ್ದು ಒಂದು ಫೋಟೋ ಅಂದಿರಿ. ಪೂರ್ತಿ ಲೆಟರ್ ನೋಡಿದ್ದೀರಾ? 2025ರ ಜುಲೈ ಕೊನೆಯಿಂದ ಎಷ್ಟೋ ಅರ್ಜಿಗಳಿಗೆ ರಿಜೆಕ್ಟ್ ಲೆಟರ್ ಜೊತೆಗೇ ಅಧಿಕಾರಿ ಬರೆದ ನೋಟ್ಸ್ ಸೇರಿಸಿ ಕಳಿಸುತ್ತಿದ್ದಾರೆ. ಮೊದಲನೇ ಪುಟದಲ್ಲಿ ಇರುವುದು ಎಲ್ಲರಿಗೂ ಬರುವ ಅಚ್ಚಿನ ಮಾತು. ಅಧಿಕಾರಿಗೆ ಎಲ್ಲಿ ಮುಳ್ಳು ಚುಚ್ಚಿತು ಅನ್ನೋದು ನೋಟ್ಸಲ್ಲಿ ಇರುತ್ತದೆ. ಅದು ಬಂದಿಲ್ಲ ಅಂದರೆ ಮಾಹಿತಿ ಕಾಯ್ದೆಯಲ್ಲಿ ಜಿಸಿಎಂಎಸ್ ನೋಟ್ಸ್, ಅಂದರೆ ಅವರ ಕಂಪ್ಯೂಟರಿನಲ್ಲಿ ಅಧಿಕಾರಿ ಬರೆದಿಟ್ಟದ್ದು, ಕೇಳಿ. 5 ಡಾಲರ್. ನೀವು ಕೆನಡಾದಲ್ಲಿ ಇರುವುದರಿಂದ ನೀವೇ ಕೇಳಬಹುದು, ಅಮ್ಮನ ಸಹಿ ಇರುವ ಒಪ್ಪಿಗೆ ಪತ್ರ ಬೇಕು, ಐಎಂಎಂ 5744 ಅಂತ ಫಾರಂ. ಕಾನೂನಿನ ಪ್ರಕಾರ 30 ದಿನ, ಕೆಲವು ಸಲ ಎಳೆಯುತ್ತಾರೆ.

ಅದು ಓದುವ ತನಕ ಒಂದು ಕಾಗದವನ್ನೂ ಮುಟ್ಟಬೇಡಿ.

ಹಟ್ಟಿ ಗಣಿ

ಏಜೆಂಟ್ ಲೈಸೆನ್ಸ್ ಇರುವವನಾ ಕೇಳಿ. ದುಡ್ಡು ತಗೊಂಡು ಕೆನಡಾ ಅರ್ಜಿ ಮಾಡಿಕೊಡಬೇಕಾದರೆ ಅಲ್ಲಿನ ವಕೀಲ ಇರಬೇಕು, ಇಲ್ಲ ಅಲ್ಲಿನ ಕಾಲೇಜಿನಲ್ಲಿ ನೋಂದಾಯಿಸಿದ ಕನ್ಸಲ್ಟೆಂಟ್ ಇರಬೇಕು. ಕಾಲೇಜ್ ಅಂದರೆ ಓದೋ ಕಾಲೇಜಲ್ಲ, ಲೈಸೆನ್ಸ್ ಕೊಡೋ ಸಂಸ್ಥೆ. ಹೆಸರು ಹಾಕಿ ಆನ್‌ಲೈನಲ್ಲಿ ಹುಡುಕಬಹುದು. ನಮ್ಮ ಕಡೆ ಸೈಬರ್ ಅಂಗಡಿಯವರೆಲ್ಲಾ ವೀಸಾ ಏಜೆಂಟ್ ಆಗಿದ್ದಾರೆ, ಬೋರ್ಡಿನಲ್ಲಿ ವಿಮಾನದ ಚಿತ್ರ ಇದ್ದರೆ ಸಾಕು.

ಕೌಲ್‌ಬಜಾರ್ ಹುಡುಗಿ

ಎರಡು ದಿನ ಫೋನ್ ಮೇಲೆ ಫೋನ್ ಮಾಡಿದ ಮೇಲೆ ಏಜೆಂಟ್ ಪೂರ್ತಿ ಪಿಡಿಎಫ್ ಕಳಿಸಿದ. ಗವಿಮಠ ಅಣ್ಣಾ, ನೀವು ಹೇಳಿದ್ದು ನಿಜ, ಹಿಂದೆ ನೋಟ್ಸ್ ಇತ್ತು! ಅರ್ಜಿ ಹಾಕಿದ ಅಕೌಂಟ್ ಕೂಡಾ ಅವನ ಈಮೇಲಿನಲ್ಲೇ ಇದೆ, ಪ್ರತಿನಿಧಿ ಅಂತ ಎಲ್ಲೂ ತೋರಿಸಿಕೊಂಡಿಲ್ಲ. ಲೈಸೆನ್ಸ್ ಕೇಳಿದ್ದಕ್ಕೆ "ನಂಬಿಕೆ ಇಲ್ಲ ಅಂದರೆ ಬೇರೆ ಕಡೆ ನೋಡಿಕೊಳ್ಳಿ" ಅಂದ. ನೋಡಿಕೊಂಡೆವು.

ನೋಟ್ಸಲ್ಲಿ ಇರುವುದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ಅರ್ಜಿದಾರರು 62 ವರ್ಷದ ವಿಧವೆ. ಒಬ್ಬಳೇ ಮಗಳು, ಕೆನಡಾದಲ್ಲಿ ಇದ್ದಾಳೆ. ಭಾರತದಲ್ಲಿ ಹತ್ತಿರದವರು ಯಾರೂ ಇದ್ದಂತೆ ತೋರಿಸಿಲ್ಲ. ಉದ್ದೇಶ ಪ್ರವಾಸ ಅಂತ ಬರೆದಿದೆ, ಆಹ್ವಾನ ಪತ್ರದಲ್ಲಿ ಹೆರಿಗೆ ಅಂತ ಇದೆ. ಖಾತೆಗೆ ಇತ್ತೀಚೆಗೆ ದೊಡ್ಡ ಮೊತ್ತ ಬಂದಿದೆ, ಎಲ್ಲಿಂದ ಅಂತ ಹೇಳಿಲ್ಲ. ಜಮೀನಿನ ಕಾಗದದಲ್ಲಿ ಅರ್ಜಿದಾರರ ಹೆಸರಿಲ್ಲ.

ಒಬ್ಬಳೇ ಮಗಳು ಅಂದರೆ ಏನರ್ಥ? ತಮ್ಮ ಅಮ್ಮನ ಜೊತೆಗೇ ಇದ್ದಾನಲ್ಲ!

ಗವಿಮಠದ ಓಣಿ

ನಾನೂ ಅದನ್ನೇ ಕೇಳಬೇಕು ಅಂತಿದ್ದೆ. ಮೊದಲ ಪೋಸ್ಟಿನಲ್ಲೇ ತಮ್ಮ ದುಡ್ಡು ಹೊಂದಿಸಿದ ಅಂದಿದ್ದೀರಿ. ಐಎಂಎಂ 5645 ಅಂತ ಒಂದು ಫಾರಂ ಇರುತ್ತದೆ, ಕುಟುಂಬದ ವಿವರ. ಅದರಲ್ಲಿ ಅಮ್ಮನ ಎಲ್ಲಾ ಮಕ್ಕಳ ಹೆಸರು ಬರೆಯಬೇಕು, ಎಲ್ಲೇ ಇರಲಿ. ಅದರ ಪ್ರತಿ ತರಿಸಿ ನೋಡಿ.

ಕೌಲ್‌ಬಜಾರ್ ಹುಡುಗಿ

ನೋಡಿದೆ. ಮಕ್ಕಳ ಜಾಗದಲ್ಲಿ ನನ್ನದೊಂದೇ ಹೆಸರು. ತಮ್ಮನ ಹೆಸರೇ ಇಲ್ಲ. ಏಜೆಂಟ್ ಕೇಳಿದರೆ "ಕರೆಸಿಕೊಳ್ಳುವವರದು ಇದ್ದರೆ ಸಾಕು ಅಂತ ಬಿಟ್ಟೆ" ಅನ್ನುತ್ತಾನೆ. ನನ್ನ ಕೈಕಾಲು ತಣ್ಣಗಾಗಿವೆ. ತಪ್ಪು ನಮ್ಮದೂ ಇದೆ, ಓದದೆ ಅಮ್ಮನ ಹತ್ತಿರ ಸಹಿ ಮಾಡಿಸಿದೆವು.

ಇನ್ನೊಂದು ಹೇಳಲಾ? ಅದೇ ಫೈಲಿನಲ್ಲಿ ನಾವು ವಂಶಾವಳಿ ಇಟ್ಟಿದ್ದೇವೆ. ಅದರಲ್ಲಿ ಅಪ್ಪ, ಅಮ್ಮ, ನಾನು, ತಮ್ಮ ನಾಲ್ಕೂ ಹೆಸರು ಇದೆ.

ಸಿಂಧನೂರು ಸೋನಾಮಸೂರಿ

ಅಯ್ಯೋ ಶಿವನೇ. ಫಾರಂ ಒಂದು ಹೇಳುತ್ತದೆ, ವಂಶಾವಳಿ ಒಂದು ಹೇಳುತ್ತದೆ.

ಸುಮ್ನೆ ಓದುವವ

ಇಷ್ಟೆಲ್ಲಾ ತಲೆ ಬಿಸಿ ಯಾಕೆ. ಹೊಸ ಪಾಸ್‌ಪೋರ್ಟ್ ಮಾಡಿಸಿ ಹೊಸದಾಗಿ ಹಾಕಿ. ಹಿಂದೆ ರಿಜೆಕ್ಟ್ ಆಗಿದೆಯಾ ಅಂತ ಕೇಳಿದ ಕಡೆ ಇಲ್ಲ ಅನ್ನಿ. ನನ್ನ ಫ್ರೆಂಡ್ ಮಾಡಿದ್ದಾನೆ.

ಗವಿಮಠದ ಓಣಿ

ದಯವಿಟ್ಟು ಯಾರೂ ಈ ಮಾತು ಕೇಳಬೇಡಿ. ಇಷ್ಟು ಹೊತ್ತು ಮೆತ್ತಗೆ ಬರೆದೆ, ಈಗ ಸ್ವಲ್ಪ ಜೋರಾಗಿ ಹೇಳುತ್ತೇನೆ.

ಬೆರಳಚ್ಚು ಅವರ ಹತ್ತಿರ ಇದೆ. ಪಾಸ್‌ಪೋರ್ಟ್ ನಂಬರ್ ಬದಲಾದರೆ ಬೆರಳು ಬದಲಾಗುತ್ತದಾ? ರಿಜೆಕ್ಟ್ ಆದದ್ದನ್ನು ಮುಚ್ಚಿಟ್ಟರೆ ಅದು ಸುಳ್ಳು ಮಾಹಿತಿ, ಕೆನಡಾ ವಲಸೆ ಕಾನೂನಿನ 40ನೇ ಸೆಕ್ಷನ್, ಐದು ವರ್ಷ ದೇಶದೊಳಗೆ ಕಾಲಿಡುವ ಹಾಗಿಲ್ಲ. ಈಗ ಅಮ್ಮನಿಗೆ ಆಗಿರುವುದು ಬರೀ ರಿಜೆಕ್ಟ್, ಅದು ಕಳಂಕ ಅಲ್ಲ, ಎಷ್ಟೋ ಜನರಿಗೆ ಆಗುತ್ತದೆ. ನಿಷೇಧ ಬಂದರೆ ಮೊಮ್ಮಗು ಶಾಲೆಗೆ ಸೇರುವಾಗಲೂ ಅಜ್ಜಿ ಬರುವ ಹಾಗಿಲ್ಲ. ಆ ಪ್ರಶ್ನೆ ಯಾವ ದೇಶ ವೀಸಾ ನಿರಾಕರಿಸಿದ್ದರೂ ಹೇಳಿ ಅಂತಲೇ ಇರುತ್ತದೆ. ಹೌದು ಅಂತ ಟಿಕ್ ಮಾಡಿ, ಯಾವ ತಿಂಗಳು, ಯಾವ ಅರ್ಜಿ ನಂಬರ್, ಏನು ಕಾರಣ, ಬರೆಯಿರಿ.

ತಮ್ಮನ ಹೆಸರಿನ ವಿಷಯಕ್ಕೂ ಇದೇ ಮಾತು. ಸುಮ್ನೆ ಹೊಸ ಫಾರಂನಲ್ಲಿ ಸೇರಿಸಿ ಕೈತೊಳೆದುಕೊಳ್ಳಬೇಡಿ. ಹಳೇ ಫಾರಂ ಅವರ ಕಂಪ್ಯೂಟರಿನಲ್ಲಿ ಇದೆ, ಪಕ್ಕಪಕ್ಕ ಇಟ್ಟು ನೋಡುತ್ತಾರೆ. ಹಿಂದಿನ ಅರ್ಜಿಯಲ್ಲಿ ಮಗನ ಹೆಸರು ಬಿಟ್ಟುಹೋಗಿತ್ತು, ತುಂಬಿದವರು ಬೇರೆಯವರು, ನಾವು ಓದದೆ ಸಹಿ ಮಾಡಿದ್ದು ನಮ್ಮ ತಪ್ಪು, ಸರಿಯಾದ ವಿವರ ಇಲ್ಲಿದೆ, ಅಂತ ನೇರವಾಗಿ ಬರೆಯಿರಿ. ಬಿಟ್ಟದ್ದರಿಂದ ನಿಮಗೆ ಲಾಭ ಏನೂ ಇರಲಿಲ್ಲ, ನಷ್ಟವೇ ಆಯಿತು. ಮಗ ಊರಲ್ಲಿ ಇರುವುದು ಅಮ್ಮ ವಾಪಸ್ ಬರುತ್ತಾರೆ ಅನ್ನೋದಕ್ಕೆ ದೊಡ್ಡ ಆಧಾರ ಆಗಿತ್ತು.

ಸುಮ್ನೆ ಓದುವವ

ಹೇಳಿದ್ದು ತಪ್ಪಾಯ್ತು ಬಿಡಿ.

ರಾಯಚೂರು ಬಿಸಿಲು

ಮಧ್ಯೆ ಬಾಯಿ ಹಾಕುತ್ತಿದ್ದೇನೆ. ನಮ್ಮ ಅಪ್ಪ ಅಮ್ಮನದು ಅಮೆರಿಕ, ಹೈದರಾಬಾದಿನಲ್ಲಿ ಇಂಟರ್ವ್ಯೂ, ವಾಪಸ್ ಹೋಗುತ್ತೀರಿ ಅಂತ ನಂಬಿಕೆ ಇಲ್ಲ ಅನ್ನೋ 214(ಬಿ) ಅಂತ ಬಣ್ಣದ ಚೀಟಿ ಕೊಟ್ಟು ಕಳಿಸಿದರು. ಅಪ್ಪ ಒಂದು ಟ್ರಂಕ್ ತುಂಬ ಆಸ್ತಿ ಪತ್ರ ಒಯ್ದಿದ್ದರು, ಒಂದನ್ನೂ ಕೇಳಲಿಲ್ಲ. ಕಿಟಕಿ ಮುಂದೆ ನಿಂತದ್ದು ಮೂರು ನಿಮಿಷ ಇರಬಹುದು. ಮಗ ಏನು ಕೆಲಸ ಅಂದರೆ ಅಪ್ಪ "ಸಾಫ್ಟ್‌ವೇರ್" ಅಂದರಂತೆ, ಯಾವ ಕಂಪನಿ ಅಂದರೆ ಅಮ್ಮನ ಮುಖ ನೋಡಿದರಂತೆ. ಎಷ್ಟು ದಿನ ಇರುತ್ತೀರಿ ಅಂದರೆ ಅಪ್ಪ ಎರಡು ತಿಂಗಳು ಅಂದರು, ಅಮ್ಮ ಆರು ತಿಂಗಳು ಅಂದರು.

ಅದೂ ಇಂಗ್ಲಿಷಿನಲ್ಲಿ! ರಾಯಚೂರಿನವರಿಗೆ ತೆಲುಗು ನೀರು ಕುಡಿದ ಹಾಗೆ, ಹೈದರಾಬಾದಿನಲ್ಲಿ ತೆಲುಗಿನಲ್ಲಿ ಮಾತಾಡುತ್ತೇವೆ ಅಂತ ಕೇಳಿದ್ದರೆ ಆಗುತ್ತಿತ್ತು. ಎರಡನೇ ಸಲ ಹಾಗೇ ಮಾಡಿದೆವು. ಹೊಸ ಡಿಎಸ್-160 ಅರ್ಜಿ ಫಾರಂ, ಮತ್ತೆ ತಲೆಗೆ 185 ಡಾಲರ್. ಒಂದು ವಾರ ದಿನಾ ರಾತ್ರಿ ವಿಡಿಯೋ ಕಾಲಿನಲ್ಲಿ ನಾನೇ ಅಧಿಕಾರಿ ಆಗಿ ಪ್ರಶ್ನೆ ಕೇಳಿದೆ. ಉತ್ತರ ಬಾಯಿಪಾಠ ಮಾಡಿಸಲಿಲ್ಲ, ನನ್ನ ಬಗ್ಗೆ ಅವರಿಗೆ ಗೊತ್ತಿಲ್ಲದ್ದನ್ನು ಹೇಳಿಕೊಟ್ಟೆ ಅಷ್ಟೇ. ಹನ್ನೊಂದು ವರ್ಷದಿಂದ ಮಗ ಏನು ಕೆಲಸ ಮಾಡುತ್ತಾನೆ ಅಂತ ಅಪ್ಪನಿಗೆ ಆಗಲೇ ಗೊತ್ತಾದದ್ದು.

ಕೆನಡಾದ್ದು ಬೇರೆ ಲೆಕ್ಕ ಅಂತ ಕಾಣುತ್ತದೆ. ಅಲ್ಲಿ ಇಂಟರ್ವ್ಯೂ ಮಾಮೂಲಾಗಿ ಇಲ್ಲ, ಅಮ್ಮ ಬಾಯಿಬಿಡುವ ಅವಕಾಶವೇ ಇಲ್ಲ. ಕಾಗದವೇ ಮಾತಾಡಬೇಕು.

ಸಿರುಗುಪ್ಪ ಲೆಕ್ಕಿಗ

ನಾನು ಕಂದಾಯ ಇಲಾಖೆಯಲ್ಲಿ ಇದ್ದು ನಿವೃತ್ತನಾದವನು, ವೀಸಾ ಗೀಸಾ ನನಗೆ ತಿಳಿಯದು. ಜಮೀನಿನ ಕಾಗದದಲ್ಲಿ ಹೆಸರಿಲ್ಲ ಅಂದ ಮಾತು ಹಿಡಿದು ಕೇಳುತ್ತೇನೆ. ಪಹಣಿಯ 9ನೇ ಕಾಲಂನಲ್ಲಿ ಯಾರ ಹೆಸರಿದೆ ತಾಯಿ?

ಕೌಲ್‌ಬಜಾರ್ ಹುಡುಗಿ

ಅಪ್ಪನದೇ ಇದೆ ಸರ್.

ಸಿರುಗುಪ್ಪ ಲೆಕ್ಕಿಗ

ಅಂದುಕೊಂಡೆ. ನಮ್ಮ ಕಡೆ ಯಜಮಾನ ಹೋಗಿ ಹತ್ತು ವರ್ಷ ಆದರೂ ಪಹಣಿಯಲ್ಲಿ ಅವನೇ ಬದುಕಿರುತ್ತಾನೆ. ಪೌತಿ ಖಾತೆ, ಅಂದರೆ ತೀರಿಕೊಂಡವರ ಹೆಸರಿಂದ ವಾರಸುದಾರರ ಹೆಸರಿಗೆ ಬದಲಾವಣೆ, ಮಾಡಿಸಿಲ್ಲ ನೀವು. ಮರಣ ಪ್ರಮಾಣಪತ್ರ, ವಂಶಾವಳಿ, ವಾರಸುದಾರರ ಆಧಾರ್ ತಗೊಂಡು ನಿಮ್ಮ ತಮ್ಮ ನಾಡಕಚೇರಿಗೆ ಹೋಗಲಿ. ನಿಮ್ಮಮ್ಮ, ನೀವು, ತಮ್ಮ, ಮೂವರ ಹೆಸರು ಜಂಟಿಯಾಗಿ ಬರುತ್ತದೆ. ಅಮ್ಮನ ಒಬ್ಬರ ಹೆಸರಿಗೇ ಬೇಕು ಅಂದರೆ ಅದಕ್ಕೆ ಬೇರೆ ದಾರಿ ಇದೆ, ಈಗ ಅವಸರಕ್ಕೆ ಬೇಡ. ಹಾಗೇ 11ನೇ ಕಾಲಂ ನೋಡಿ. ಹಳೇ ಬೆಳೆ ಸಾಲ ತೀರಿಸಿದ್ದರೂ ಅಲ್ಲಿ ಬ್ಯಾಂಕಿನ ಹೆಸರು ಕೂತಿರುತ್ತದೆ, ತೆಗೆಸಿ. ವೀಸಾ ಬಂದರೂ ಬಿಟ್ಟರೂ ಇದು ಮಾಡಿಸಲೇಬೇಕಾದ ಕೆಲಸ.

ಗಂಗಾವತಿ ಮಿಲ್

ಪಹಣಿ ಕನ್ನಡದಲ್ಲಿ ಇರುತ್ತದೆ, ಇಂಗ್ಲಿಷ್ ಮಾಡಿಸಿದ್ದೀರಾ?

ಕೌಲ್‌ಬಜಾರ್ ಹುಡುಗಿ

ನಾನೇ ಟೈಪ್ ಮಾಡಿ ಕಳಿಸಿದ್ದೆ. ವಂಶಾವಳಿ ಮಾತ್ರ ಹಾಗೇ ಕನ್ನಡದಲ್ಲೇ ಹೋಗಿದೆ ಅಂತ ಈಗ ಗೊತ್ತಾಯಿತು.

ಗಂಗಾವತಿ ಮಿಲ್

ಅದು ನಡೆಯಲ್ಲ ಅಕ್ಕಾ. ಮನೆಯವರು ಮಾಡಿದ ಅನುವಾದ ತಗೊಳ್ಳೋದಿಲ್ಲ ಅಂತ ಅವರ ನಿಯಮದಲ್ಲೇ ಇದೆ. ಬೇರೆಯವರು ಮಾಡಬೇಕು, ಸರ್ಟಿಫೈಡ್ ಅನುವಾದಕ ಅಲ್ಲದಿದ್ದರೆ ಇದು ಸರಿಯಾಗಿದೆ ಅಂತ ಅಫಿಡವಿಟ್ ಕೊಡಬೇಕು. ಬಳ್ಳಾರಿ ಕೋರ್ಟ್ ಹತ್ತಿರ ನೋಟರಿ ಹಿಡಿದರೆ ಅರ್ಧ ದಿನದ ಕೆಲಸ. ಹೆಸರಿನ ಅಕ್ಷರ ಮಾತ್ರ ಪಾಸ್‌ಪೋರ್ಟಿನಲ್ಲಿ ಇದ್ದ ಹಾಗೇ ಬರೆಯಲು ಹೇಳಿ. ನಮ್ಮಜ್ಜಿ ಒಂದು ಕಾಗದದಲ್ಲಿ ಒಬ್ಬಳು, ಇನ್ನೊಂದರಲ್ಲಿ ಇನ್ನೊಬ್ಬಳು ಆಗಿದ್ದಳು. ಹುಟ್ಟಿದ ದಿನ ಬೇರೆ ಹೆಡ್‌ಮಾಸ್ಟರ್ ಕೊಟ್ಟ ಜೂನ್ 1, ಊರಲ್ಲಿ ಅರ್ಧ ಜನರ ಬರ್ತ್‌ಡೇ ಒಂದೇ ದಿನ!

ಕೌಲ್‌ಬಜಾರ್ ಹುಡುಗಿ

ಗವಿಮಠ ಅಣ್ಣಾ, ಒಂದು ಭಯ ಇದೆ. ಬಾಣಂತನಕ್ಕೆ ಬರುತ್ತಾಳೆ ಅಂತ ಬರೆದರೆ ಕೂಸು ನೋಡಿಕೊಳ್ಳುವ ಕೆಲಸಕ್ಕೆ ಬರುತ್ತಾಳೆ ಅಂತ ತಿಳಿಯುವುದಿಲ್ಲವಾ? ಏಜೆಂಟ್ ಅದಕ್ಕೇ ಪ್ರವಾಸ ಅಂತ ಹಾಕಿದನಂತೆ.

ಗವಿಮಠದ ಓಣಿ

ಇಲ್ಲ. ಯಾವುದು ಕೆಲಸ, ಯಾವುದು ಕೆಲಸ ಅಲ್ಲ ಅಂತ ಕೆನಡಾ ಇಮಿಗ್ರೇಶನ್‌ನವರೇ ಬರೆದಿಟ್ಟಿದ್ದಾರೆ. ಸಂಬಳ ಇಲ್ಲದೆ ಮಗಳ ಮಗುವಿನ ಆರೈಕೆಗೆ ತಾಯಿ ಬಂದು ನೆರವಾಗುವುದು ಕೆಲಸ ಅಲ್ಲ ಅಂತ ಅಲ್ಲಿ ಉದಾಹರಣೆಯಾಗಿಯೇ ಇದೆ. ಮುಚ್ಚಿಡಬೇಕಾದ್ದು ಏನೂ ಇರಲಿಲ್ಲ, ಮುಚ್ಚಿಟ್ಟು ಕೆಟ್ಟಿತು. ಫಾರಂನಲ್ಲಿ ಕುಟುಂಬ ಭೇಟಿ ಅಂತ ಆರಿಸಿ. ನಿಮ್ಮ ಡಾಕ್ಟರ ಹತ್ತಿರ ಡ್ಯೂ ಡೇಟ್ ಇರುವ ಪತ್ರ ತಗೊಳ್ಳಿ. ಬರುವ ತಾರೀಕು, ಹೋಗುವ ತಾರೀಕು ಆ ಡ್ಯೂ ಡೇಟಿಗೆ ಹೊಂದಬೇಕು. ಹೋದ ಸಲ ಎಷ್ಟು ದಿನ ಬರೆದಿದ್ದರು?

ಕೌಲ್‌ಬಜಾರ್ ಹುಡುಗಿ

ಆರು ತಿಂಗಳು. ಪ್ರವಾಸಕ್ಕೆ.

ಗವಿಮಠದ ಓಣಿ

62 ವರ್ಷದ ಒಂಟಿ ಹೆಂಗಸು ಚಳಿಗಾಲದಲ್ಲಿ ಕ್ಯಾಲ್ಗರಿಗೆ ಆರು ತಿಂಗಳು ಟೂರ್! ನಾನೇ ಅಧಿಕಾರಿ ಆಗಿದ್ದರೂ ಹುಬ್ಬು ಏರಿಸುತ್ತಿದ್ದೆ.

ಎಷ್ಟು ದಿನ ನಿಜವಾಗಿ ಬೇಕೋ ಅಷ್ಟು ಬರೆಯಿರಿ. ಮೂರೂವರೆ ತಿಂಗಳು ಅಂದರೆ ಮೂರೂವರೆ. ಹಾಗೇ ಊರಲ್ಲಿ ಅಮ್ಮನ ದಿನ ಹೇಗೆ ಹೋಗುತ್ತದೆ ಅಂತ ಅವರ ಕೈಲೇ ಬರೆಸಿ. ಕನ್ನಡದಲ್ಲಿ ಬರೆಯಲಿ, ಅನುವಾದ ಜೊತೆಗೆ ಇಡಿ. ಏಜೆಂಟರ ಕಂಪ್ಯೂಟರಿನಲ್ಲಿ ಇರುವ ಲೆಟರ್ ಎಲ್ಲರಿಗೂ ಒಂದೇ, ಹೆಸರು ಮಾತ್ರ ಬೇರೆ.

ಕೌಲ್‌ಬಜಾರ್ ಹುಡುಗಿ

ಅಮ್ಮ ಬರೆದಳು. ಒಂದು ಪುಟ. ಮೊದಲು "ನಾನೇನು ಬರೀಲಿ, ನನ್ನದೇನಿದೆ" ಅಂದಳು. ತಮ್ಮನದು ಜೀನ್ಸ್ ಹೊಲಿಯುವ ಯೂನಿಟ್, ಹನ್ನೆರಡು ಮಿಶನ್ ಇವೆ. ಅವನೂ ನಾದಿನಿಯೂ ಬೆಳಿಗ್ಗೆ ಅಲ್ಲಿಗೆ ಹೋದರೆ ಅವನ ಇಬ್ಬರು ಮಕ್ಕಳನ್ನು ಸ್ಕೂಲಿಗೆ ಬಿಡೋದು, ಕರಕೊಂಡು ಬರೋದು ಅಮ್ಮ. ಸಿರುಗುಪ್ಪಕ್ಕೆ ವರ್ಷಕ್ಕೆ ನಾಲ್ಕು ಸಲ ಹೋಗಿ ಪಾಲಿನ ಲೆಕ್ಕ ನೋಡೋದು ಅವಳೇ, ತಮ್ಮನಿಗೆ ಭತ್ತ ಯಾವುದು ಹುಲ್ಲು ಯಾವುದು ತಿಳಿಯದು. ಅಪ್ಪನ ವರ್ಷದ ತಿಥಿ ಬರುತ್ತದೆ. ಆಮೇಲೆ ಕನಕ ದುರ್ಗಮ್ಮನ ಸಿಡಿಬಂಡಿ ಜಾತ್ರೆ, ನಾನು ಹುಟ್ಟಿದಾಗಿನಿಂದ ಒಂದು ವರ್ಷವೂ ಅದನ್ನು ತಪ್ಪಿಸಿಲ್ಲವಂತೆ, ಅಷ್ಟರಲ್ಲಿ ಊರಲ್ಲಿ ಇರಲೇಬೇಕು ಅಂತ ಬರೆದಿದ್ದಾಳೆ. ನನಗೆ ಸ್ವಲ್ಪ ಕೋಪವೂ ಬಂತು, ಮಗಳ ಬಾಣಂತನಕ್ಕಿಂತ ಸಿಡಿಬಂಡಿ ಹೆಚ್ಚಾ ಅಂತ. ಆಮೇಲೆ ನಗು ಬಂತು.

ನವೆಂಬರಿನಲ್ಲಿ ಪಿಂಚಣಿಗೆ ಲೈಫ್ ಸರ್ಟಿಫಿಕೇಟ್ ಕೊಡಬೇಕು ಅಂತಲೂ ಸೇರಿಸಲಾ?

ಹಟ್ಟಿ ಗಣಿ

ಬರೆದರೆ ತಪ್ಪಿಲ್ಲ. ಆದರೆ ಈಗ ಜೀವನ್ ಪ್ರಮಾಣ್ ಆ್ಯಪಿನಲ್ಲಿ ಮುಖ ತೋರಿಸಿಯೂ ಕೊಡಬಹುದು, ಅದನ್ನೇ ದೊಡ್ಡ ಕಾರಣ ಮಾಡಬೇಡಿ. ಮೊಮ್ಮಕ್ಕಳು, ಗದ್ದೆ, ಇವು ಗಟ್ಟಿ. ಮೊಮ್ಮಕ್ಕಳ ಸ್ಕೂಲ್ ಫೀಸ್ ರಸೀದಿ, ತಮ್ಮನ ರೇಶನ್ ಕಾರ್ಡಿನಲ್ಲಿ ಅಮ್ಮನ ಹೆಸರು ಇದ್ದರೆ ಅದನ್ನೂ ಇಡಿ. ಒಂದೇ ಮನೆಯಲ್ಲಿ ಇದ್ದಾರೆ ಅನ್ನೋದಕ್ಕೆ ಅದಕ್ಕಿಂತ ಬೇಕಾ?

ಸಿಂಧನೂರು ಸೋನಾಮಸೂರಿ

ಆ ಆರು ಲಕ್ಷ ಏನು ಮಾಡಿದಿರಿ?

ಕೌಲ್‌ಬಜಾರ್ ಹುಡುಗಿ

ತಮ್ಮ ವಾಪಸ್ ತಗೊಂಡ, ಅದು ಅವನ ಬಟ್ಟೆ ವ್ಯಾಪಾರಿಗೆ ಕೊಡಬೇಕಾದ ದುಡ್ಡು. ಬಂದದ್ದು ಹೋದದ್ದು ಎರಡೂ ಸ್ಟೇಟ್‌ಮೆಂಟಿನಲ್ಲಿ ಕಾಣುತ್ತದೆ, ಹಾಗಾಗಿ ಅದನ್ನೂ ಎರಡು ಸಾಲಿನಲ್ಲಿ ಹೇಳಿದ್ದೇವೆ. ಈಗ ಅಮ್ಮನ ಖಾತೆಯಲ್ಲಿ ಇರುವುದು 3 ಲಕ್ಷ 80 ಸಾವಿರ, ಪಿಂಚಣಿ ಉಳಿಸಿದ್ದು. ಟಿಕೆಟ್, ಊಟ, ಇರೋದು, ಇನ್ಶೂರೆನ್ಸ್ ಎಲ್ಲಾ ನಮ್ಮದು. ನಮ್ಮಿಬ್ಬರ ಸಂಬಳದ ಚೀಟಿ, ಕೆಲಸದ ಪತ್ರ, ಇಲ್ಲಿನ ಟ್ಯಾಕ್ಸ್ ನೋಟೀಸ್, ಬಾಡಿಗೆ ಕರಾರು, ವರ್ಕ್ ಪರ್ಮಿಟ್ ಇಟ್ಟಿದ್ದೇವೆ.

ಕೌಲ್‌ಬಜಾರ್ ಹುಡುಗಿ (ಆರು ವಾರದ ನಂತರ)

ಹಾಕಿದೆವು. ಪೌತಿ ಖಾತೆಗೆ ಕಾದದ್ದರಿಂದ ತಡವಾಯಿತು. ತಮ್ಮ ನಾಡಕಚೇರಿಗೆ ಎಷ್ಟು ಸಲ ಹೋದನೋ ಲೆಕ್ಕವಿಲ್ಲ, ಆ ಬಿಸಿಲಲ್ಲಿ. ಕೊನೆಗೆ 9ನೇ ಕಾಲಂನಲ್ಲಿ ಅಮ್ಮನ ಹೆಸರು ಬಂತು. ಮೊಬೈಲಲ್ಲಿ ತೋರಿಸಿದಾಗ ಅಮ್ಮ ಸುಮಾರು ಹೊತ್ತು ನೋಡಿದಳಂತೆ, ಅಪ್ಪನ ಹೆಸರು ತೆಗೆದುಬಿಟ್ಟರಾ ಅಂತ ಕೇಳಿದಳಂತೆ. ಆ ಮಾತಿಗೆ ತಮ್ಮನ ಹತ್ತಿರ ಉತ್ತರ ಇರಲಿಲ್ಲ.

ಈ ಸಲ ಅಕೌಂಟ್ ನಾನೇ ಮಾಡಿದ್ದೇನೆ. ಎಲ್ಲಾ ಸೇರಿ 41 ಪುಟ. ಹೋದ ಸಲ 120 ಇತ್ತು.

ರಾಯಚೂರು ಬಿಸಿಲು

ನಮ್ಮಪ್ಪನ ಟ್ರಂಕಿಗಿಂತ ವಾಸಿ.

ಕೌಲ್‌ಬಜಾರ್ ಹುಡುಗಿ (ಮತ್ತೆ ಎರಡು ತಿಂಗಳಿಗೂ ಮೇಲೆ)

ಮಗಳು ಹುಟ್ಟಿದಳು, ಇಂದಿಗೆ ಹನ್ನೆರಡು ದಿನ. ಅಮ್ಮ ಇಲ್ಲದೆಯೇ ಆಯಿತು. ಗಂಡ ಯೂಟ್ಯೂಬ್ ನೋಡಿ ಎಣ್ಣೆ ನೀರು ಹಾಕಿದ, ಅದರ ಕಥೆ ಬೇರೆ ಬರೆಯುತ್ತೇನೆ.

ನಿನ್ನೆ ರಾತ್ರಿ ಪಾಸ್‌ಪೋರ್ಟ್ ಕಳಿಸಿ ಅಂತ ಮೆಸೇಜ್ ಬಂತು. ವೀಸಾ ಆಗಿದೆ! ಬಳ್ಳಾರಿಯಲ್ಲಿ ಆಗ ಬೆಳಗಿನ ಹೊತ್ತು, ಅಮ್ಮ ಮಕ್ಕಳಿಗೆ ಡಬ್ಬಿ ಕಟ್ಟುತ್ತಿದ್ದಳು. "ಹೌದಾ, ಇವರನ್ನು ಬಿಟ್ಟು ಬಂದು ಮಾತಾಡುತ್ತೇನೆ" ಅಂತ ಫೋನ್ ಇಟ್ಟುಬಿಟ್ಟಳು.

ಗವಿಮಠದ ಓಣಿ

ತುಂಬಾ ಸಂತೋಷ ತಂಗಿ. ಸ್ಟಿಕ್ಕರ್ ಬಂದ ಮೇಲೆ ತಾರೀಕು ನೋಡಿಕೊಳ್ಳಿ. ಮೊದಲಿನ ಹಾಗೆ ಎಲ್ಲರಿಗೂ ಹತ್ತು ವರ್ಷ ಸಿಗುತ್ತದೆ ಅಂತಿಲ್ಲ, 2024ರ ನವೆಂಬರಿನಿಂದ ಅದು ಅಧಿಕಾರಿಯ ತೀರ್ಮಾನಕ್ಕೆ ಬಿಟ್ಟದ್ದು. ವೀಸಾ ಎಷ್ಟೇ ವರ್ಷ ಇದ್ದರೂ ಒಂದು ಸಲ ಬಂದರೆ ಸಾಮಾನ್ಯವಾಗಿ ಆರು ತಿಂಗಳು. ನೀವು ಮೂರೂವರೆ ಅಂದಿದ್ದೀರಿ, ಮೂರೂವರೆಗೇ ಕಳಿಸಿ. ಮುಂದಿನ ಸಲ ಅದು ಕೆಲಸಕ್ಕೆ ಬರುತ್ತದೆ.

ಟಿಕೆಟ್ ಮಾಡುವಾಗ ವೀಲ್‌ಚೇರ್ ಹಾಕಿಸಿ, ನಡೆಯಲು ಬಂದರೂ ಹಾಕಿಸಿ. ಮಧ್ಯದ ಏರ್‌ಪೋರ್ಟಿನಲ್ಲಿ ಗೇಟ್ ಹುಡುಕುವ ಚಿಂತೆ ತಪ್ಪುತ್ತದೆ. ನಿಮ್ಮ ವಿಳಾಸ, ಫೋನ್, ರಿಟರ್ನ್ ಟಿಕೆಟ್, ಕೂಸು ಹುಟ್ಟಿದ ಪತ್ರ ಒಂದು ಕವರಿನಲ್ಲಿ ಕೈಚೀಲದಲ್ಲೇ ಇರಲಿ. ಬಂದ ಮೇಲೆ ಕೇಳಿದರೆ ತೋರಿಸಲಿ.

ಗಂಗಾವತಿ ಮಿಲ್

ಬಾಣಂತಿಗೆ ಕೊಡುವ ಅಂಟಿನುಂಡಿ ತರಬಹುದಾ? ನಮ್ಮಕ್ಕನೂ ಕೇಳುತ್ತಿದ್ದಾಳೆ.

ಗವಿಮಠದ ಓಣಿ

ತಿನ್ನುವ ವಸ್ತು ಇದೆ ಅಂತ ಇಳಿದಾಗ ಫಾರಂನಲ್ಲಿ ಹೌದು ಅನ್ನಬೇಕು, ತೆಗೆದು ತೋರಿಸಬೇಕು. ಇಲ್ಲ ಅಂದು ಸಿಕ್ಕರೆ ದಂಡ. ನಮ್ಮಮ್ಮನದು ಡಬ್ಬಿ ಬಿಚ್ಚಿ ನೋಡಿ ವಾಪಸ್ ಕೊಟ್ಟರು.

ಕೌಲ್‌ಬಜಾರ್ ಹುಡುಗಿ

ಅಮ್ಮ ಈಗಾಗಲೇ ನಾಲ್ಕು ಕೆಜಿ ಮಾಡಿಟ್ಟಿದ್ದಾಳಂತೆ. ಅರ್ಜಿ ಹಾಕಿದ ದಿನವೇ ಅಂಟು ತಂದಿದ್ದಳಂತೆ, ನನಗೆ ಇವತ್ತು ತಮ್ಮ ಹೇಳಿದ.